ಹೊಸ್ತಿಲಿಗೆ ಎಳೆದ ಸುಣ್ಣದ ಗೆರೆ

ಇದನ್ನು ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೇನೆ. ಕೂತಾಗಲೆಲ್ಲ ಬೇರೇನೋ ಬರೆದು ಎದ್ದಿದ್ದೇನೆ. ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಇನ್ನು ತಡಮಾಡಿದರೆ ಬರೆಯಲಾಗುವುದಿಲ್ಲ.

ಆಗ ನಿಜಾಮರ ಕಾಲ. ಕಲಬುರಗಿಯ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಇದ್ದದ್ದು ಮೂವರು: ನಾನು, ಅವ್ವ, ತೀರಿಕೊಂಡ ಅಣ್ಣನ ಹೆಂಡತಿ. ಅತ್ತಿಗೆಯ ತವರು ಕಮಲಾಪುರ. ನಾನು ಹೈಸ್ಕೂಲು ಮುಗಿಸಿ ಕಚೇರಿಯಲ್ಲಿ ಉರ್ದು ಕಾಗದ ಬರೆಯುತ್ತಿದ್ದೆ. ಮಾಟಮಂತ್ರವೆಲ್ಲ ಸುಳ್ಳೆಂದು ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಹೇಳುತ್ತಿದ್ದವನು ನಾನೇ.

ಒಂದು ದಿನ ಬಚ್ಚಲ ಹೊಸ್ತಿಲ ಅಂಚಿಗೆ ಸುಣ್ಣದ ದಪ್ಪ ಗೆರೆ ಕಂಡಿತು. ರಂಗೋಲಿಯಲ್ಲ, ಬರೀ ಗೆರೆ. ಮರುದಿನ ಅಡುಗೆಮನೆಯ ಮೆಟ್ಟಿಲಿಗೂ ಅಂಥದೇ. ಬಚ್ಚಲ ಕಲ್ಲಿನ ಮೇಲೆ ಬೂದಿ. ವಾರದೊಳಗೆ ಅವ್ವನ ಹಾಸಿಗೆಯಿಂದ ಬಚ್ಚಲತನಕ ಅತ್ತಿಗೆ ಗೋಡೆಗೆ ಗೂಟ ಹೊಡೆದು ಹಗ್ಗ ಕಟ್ಟಿದ್ದಳು. ಹಗ್ಗದಲ್ಲಿ ಗಂಟುಗಳು: ಒಂದೆಡೆ ಒಂದು, ಮುಂದೆ ಎರಡು, ಕೊನೆಗೆ ಮೂರು.

ಹೆಪ್ಪು ಕೇಳಲು ಬಂದ ನೆರೆಮನೆಯಾಕೆ ನೋಡಿ ನಕ್ಕಳು. "ಏನ್ರೀ, ನಿಮ್ಮನಿ ಗೋಡಿಗಿ ಜಡಿ ಹಾಕೀರಲ್ಲ!" ಆಮೇಲೆ ದನಿ ತಗ್ಗಿಸಿದಳು. "ಸುಣ್ಣ, ಬೂದಿ, ಗಂಟು. ಅದೂ ಗಂಡ ಸತ್ತಾಕಿ ಕೈಲೆ. ನಾ ಏನೂ ಅನ್ನಂಗಿಲ್ರೀ, ಜ್ವಾಕಿ ಇರ್ರಿ."

ಅಂದಿನಿಂದ ಅತ್ತಿಗೆ ಕೊಟ್ಟ ನೀರನ್ನೂ ಮೂಸಿ ಕುಡಿಯತೊಡಗಿದೆ. ಅವಳು ಅವ್ವನ ಕಿವಿಯಲ್ಲಿ ಏನೋ ಹೇಳುವಳು, ಅವ್ವ ತಲೆಯಾಡಿಸುವಳು, ನಾನು ಕಂಡೊಡನೆ ಇಬ್ಬರೂ ಸುಮ್ಮನಾಗುವರು. ಅವ್ವ ಈಚೆಗೆ ಹಗ್ಗ ಹಿಡಿದು ಕಾಲು ಎತ್ತೆತ್ತಿ ಇಡುತ್ತಿದ್ದಳು, ಯಾರೋ ನಡೆಸಿದಂತೆ.

ಕೇಳಿಯೇಬಿಟ್ಟೆ. "ಇದೇನು ನಡಸೀರಿ ಮನ್ಯಾಗ?"

"ಅವ್ವಗ ಕೇಳ್ರಿ. ನಾ ಹೇಳಂಗಿಲ್ಲ," ಅಂದಳು ಅತ್ತಿಗೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಅವ್ವ, "ನಿನ್ನ ಕಚೇರಿ ನೀ ನೋಡಪ್ಪ," ಅಂದಳು.

ಶುಕ್ರವಾರ ಕಚೇರಿಗೆ ರಜೆ. ಮಧ್ಯಾಹ್ನ ಅವ್ವ ಮಲಗಿದ್ದಳು, ಅತ್ತಿಗೆ ನೀರಿಗೆ ಹೋಗಿದ್ದಳು. ಸುಣ್ಣ ಕೆರೆದೆ, ಬೂದಿ ತೊಳೆದೆ, ಹಗ್ಗ ಬಿಚ್ಚಿ ಒಲೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅವ್ವ ಎದ್ದು ಗೋಡೆಗೆ ಕೈ ಚಾಚಿದಳು. ಕೈ ಬರೀ ಗೋಡೆಯನ್ನು ತಡವುತ್ತಾ ಹೋಯಿತು. ಮಾಟ ಬಿಟ್ಟಿತೋ ಇಲ್ಲವೋ ಎಂದು ನಾನು ನೋಡುತ್ತಾ ನಿಂತಿದ್ದೆ. ಕಾಲು ಹೊಸ್ತಿಲಿಗೆ ಎಡವಿ, ಬಚ್ಚಲ ಒದ್ದೆ ಕಲ್ಲಿನ ಮೇಲೆ ಬಿದ್ದಳು. ಸೊಂಟದ ಎಲುಬು ಮುರಿಯಿತು.

ಕೊಡ ಹೊತ್ತು ಬಂದ ಅತ್ತಿಗೆಯನ್ನು ಓಣಿಗೆಲ್ಲ ಕೇಳುವಂತೆ ಮಾಟಗಾತಿ ಎಂದೆ. ಸಂಜೆಯೊಳಗೆ ಕಮಲಾಪುರದ ಬಂಡಿ ಹತ್ತಿಸಿದೆ.

ಮೂರು ದಿನ ನೋವಿನಲ್ಲಿ ಅವ್ವ ಅವಳನ್ನೇ ಕರೆದಳು. ನಾಲ್ಕನೆಯ ದಿನ ನನಗೆ ಹೇಳಿದಳು: "ನಂಗ ಕಣ್ಣು ಕಾಣಂಗಿಲ್ಲಪ್ಪ, ವರ್ಷಾತು. ನಿಂಗ ಗೊತ್ತಾದ್ರ ನನ್ನ ಮೂಲ್ಯಾಗ ಕೂಡಸ್ತಿದ್ದಿ, ಒಲಿ ಮುಂದ ಬಿಡ್ತಿದ್ದಿಲ್ಲ. ಹೇಳಬ್ಯಾಡಂತ ಆಕಿ ಕಡಿಂದ ಆಣಿ ಮಾಡಿಸ್ಕೊಂಡಿದ್ದೆ. ಬಿಳೀದಷ್ಟ ಕಾಣ್ತದ, ಅದಕ್ಕ ಸುಣ್ಣ. ಒಂದು ಗಂಟು ಬಂದ್ರ ಕಂಬ, ಎರಡು ಬಂದ್ರ ಮೆಟ್ಲ, ಮೂರು ಬಂದ್ರ ಬಚ್ಚಲ ಹೊಸ್ತಿಲ."

ಬೂದಿ ಯಾಕೆಂದು ಕೇಳಲಿಲ್ಲ. ಬಚ್ಚಲಿಗೆ ಹೋಗಿ ಪಾಚಿಗಟ್ಟಿದ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತೆ, ಕಾಲು ಜಾರಿತು, ತಿಳಿಯಿತು.

ಕಮಲಾಪುರಕ್ಕೆ ಹೋಗಿ ಅವಳ ತವರಿನ ಬಾಗಿಲಲ್ಲಿ ನಿಂತೆ. "ಅವ್ವ ಕರಿಯಾಕತ್ಯಾಳ," ಅಂದೆ.

"ಅವ್ವ ಕರದಾಳೋ, ನೀವು ಕರದೀರೋ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. "ಅವ್ವ," ಅಂದೆ.

ಬಂದಳು. ಅವ್ವ ಮತ್ತೆ ನಡೆಯಲಿಲ್ಲ. ಅತ್ತಿಗೆ ಹಾಸಿಗೆಯ ಪಕ್ಕದ ಗೂಟಕ್ಕೆ ಮೊಳದುದ್ದ ಹಗ್ಗ ಕಟ್ಟಿ, ಅದನ್ನು ಹಿಡಿದು ಮಗ್ಗುಲಾಗುವುದನ್ನು ಅವ್ವನಿಗೆ ಕಲಿಸಿದಳು. ಓಣಿಯವರು ಮಾತ್ರ ನಾನು ಅಂದ ಹೆಸರಿನಿಂದಲೇ ಅವಳನ್ನು ಕರೆಯುತ್ತಿದ್ದರು. ಅಲ್ಲವೆಂದು ನಾನು ಒಮ್ಮೆಯೂ ಹೇಳಲಿಲ್ಲ. ಅವ್ವ ತೀರಿದ ಮೇಲೆ ಅವಳು ಕಮಲಾಪುರಕ್ಕೆ ಹೋದಳು, ಅಲ್ಲೇ ಮಣ್ಣಾದಳು.

ಈಗ ಹೊಸ್ತಿಲಿಗೆ ಸುಣ್ಣದ ಗೆರೆಯನ್ನು ನಾನೇ ಎಳೆದುಕೊಳ್ಳುತ್ತೇನೆ. ಅವ್ವನ ಕಾಲು ಹಿಡಿದು ತಪ್ಪಾಯಿತೆಂದು ಅತ್ತಿದ್ದೆ. ತಪ್ಪಾಯಿತೆಂದು ಹೇಳದೆ ಉಳಿದದ್ದು ನನ್ನ ಅಣ್ಣನ ಹೆಂಡತಿಗೆ.