ವಡೋದರಾದಲ್ಲಿ ವಾಪಸು ಮಾಡಿದ ವಿಮೆ

ನನ್ನ ಸೊಸೆಯನ್ನು ನಾನು ಬಾಯಿಬಿಟ್ಟು ಹೊಗಳಿದವಳಲ್ಲ. ಅವಳ ಸಾರಿಗೆ ಉಪ್ಪು ಜಾಸ್ತಿ, ನಾಲಿಗೆಗೆ ಮಾತು ಕಡಿಮೆ. ಆದರೆ ಅವಳು ಸಾಲದ ವಿಮೆಯನ್ನು ವಾಪಸು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂರನೇ ಇಯತ್ತೆ ಓದಿದ ಕೈಯಿಂದ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಬೇಕು.

ನಾವು ಹುಬ್ಬಳ್ಳಿ ಕಡೆಯವರು. ಯಜಮಾನರು ರೈಲ್ವೆಯಲ್ಲಿ ಫಿಟರ್ ಆಗಿದ್ದರು. ವರ್ಗವಾಗಿ ಅಹಮದಾಬಾದಿಗೆ ಬಂದು, ಇಲ್ಲೇ ನಿವೃತ್ತರಾಗಿ, ಇಲ್ಲೇ ತೀರಿಕೊಂಡರು. ಮಗ ಸೂರತ್ತಿನ ಹಜೀರಾದ ಕಾರ್ಖಾನೆಯಲ್ಲಿದ್ದಾನೆ, ಅಲ್ಲಿಯ ಕಾಲೋನಿಯಲ್ಲೇ ಇರುತ್ತಾನೆ. ಇಲ್ಲಿ ಸ್ಯಾಟಲೈಟ್ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿ ನಾವಿಬ್ಬರೇ, ನಾನು ಮತ್ತು ಸೊಸೆ. ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಬದನೆಕಾಯಿ ಎಣಗಾಯಿ ಕಟ್ಟಿ ಡಬ್ಬಿ ಕಳಿಸುತ್ತಿದ್ದಳು. ಸಕ್ಕರೆ ಕಾಯಿಲೆಯ ಗುಜರಾತಿಗಳಿಗೆ ಡಾಕ್ಟರರು ಜೋಳ ತಿನ್ನಿ ಎಂದು ಹೇಳಿದ್ದೇ ಇವಳ ಪುಣ್ಯ. ವ್ಯಾಪಾರ ಬೆಳೆಯಿತು. ನವರಂಗಪುರದಲ್ಲಿ ಕಾಲೇಜಿನ ಹತ್ತಿರ ಒಂದು ಸಣ್ಣ ಅಂಗಡಿ ಖಾಲಿಯಿತ್ತು. ಅದರ ಡಿಪಾಜಿಟ್ಟಿಗೆ ತನ್ನ ಹೆಸರಿನಲ್ಲೇ ಎರಡು ಲಕ್ಷ ಸಾಲ ತೆಗೆದಳು.

ಕೈಗೆ ಬಂದದ್ದು ಹದಿನಾಲ್ಕು ಸಾವಿರ ಕಡಿಮೆ. ಬ್ಯಾಂಕಿನವನು, "ಚಾರ್ಜು ಬೆನ್, ಎಲ್ಲರಿಗೂ ಇರುತ್ತೆ" ಎಂದನಂತೆ. ಎರಡು ವಾರ ಕಳೆಯುವಷ್ಟರಲ್ಲಿ ಮಗನಿಗೆ ಕಾಮಾಲೆ ಎಂದು ಫೋನು ಬಂತು, ಅವಳು ಸೂರತ್ತಿಗೆ ಓಡಿದಳು. ಡಿಪಾಜಿಟ್ಟಿಗೆ ಅದೇ ಹದಿನಾಲ್ಕು ಸಾವಿರ ಕಡಿಮೆ ಬಿತ್ತು. ಮುಂದಿನ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಮೊಬೈಲ್ ಕವರ್ ಮಾರುವವನಿಗೆ ಕೊಡುತ್ತೇನೆ ಎಂದು ಅಂಗಡಿಯ ಒಡತಿ ಹೇಳಿಬಿಟ್ಟಿದ್ದಳು.

ಸೊಸೆ ಹೋದ ಮೂರನೇ ದಿನ ಅವಳ ಹೆಸರಿಗೆ ದಪ್ಪ ಕವರು ಬಂತು. ಸಹಿ ಮಾಡಿ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಯಜಮಾನರ ಕಾಲದಿಂದ ಒಂದು ಪದ್ಧತಿ. ಆಫೀಸಿನ ಕಾಗದ ಯಾವುದೇ ಬಂದರೂ ಕುಂಕುಮ ಹಚ್ಚಿ ದೇವರ ಮುಂದೆ ಇಡುವುದು. ಯಾರ ಹೆಸರಿಗೆ ಬಂದಿದೆಯೋ ಅವರೇ ಜಳಕ ಮಾಡಿ ಒಡೆಯಬೇಕು. ಯಜಮಾನರ ಬಡ್ತಿಯ ಕಾಗದವೂ ಹಾಗೇ ಎರಡು ದಿನ ಕೂತಿತ್ತು. ಇದನ್ನೂ ಇಟ್ಟೆ. ಫೋನಿನಲ್ಲಿ ಹೇಳಲೂ ಇಲ್ಲ. ಒಳ್ಳೆಯ ಸುದ್ದಿ ಇರಬಹುದು, ಬಂದು ನೋಡಲಿ ಎಂದುಕೊಂಡೆ. ನನ್ನ ತಲೆಗೆ ಅಷ್ಟೇ ಹೊಳೆದದ್ದು.

ಸೊಸೆ ತಿರುಗಿ ಬರುವಷ್ಟರಲ್ಲಿ ಆ ಕವರಿಗೆ ಇಪ್ಪತ್ತಾರು ದಿನ ಪೂಜೆಯಾಗಿತ್ತು.

ಜಳಕ ಮಾಡಿ ಬಂದು ಒಡೆದಳು. ಮುಖ ಸಣ್ಣದಾಯಿತು.

"ಅತ್ತಿ, ಇದು ಯಾವಾಗ ಬಂತ್ರಿ?"

"ನೀ ಹೋದ ಮೂರನೇ ದಿನಕ್ಕ. ಯಾಕ?"

"ಹದಿನಾಕು ಸಾವಿರ ಚಾರ್ಜು ಅಲ್ರೀ ಅದು. ನಾ ಸತ್ರ ಸಾಲ ತೀರಸಾಕ ವಿಮೆ ಮಾಡ್ಯಾರ. ನನ್ನ ಕೇಳೇ ಇಲ್ಲ."

"ಹಂಗಾರ ನೀ ಸಾಯೂತನಕ ನಮಗ ಏನೂ ಲಾಭಿಲ್ಲ" ಎಂದೆ. ಅವಳು ನಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು, ಮೊಬೈಲಿನಲ್ಲಿ ಇಂಗ್ಲಿಷ್ ಪದಗಳ ಅರ್ಥ ಹುಡುಕುತ್ತ ಇಪ್ಪತ್ತೆರಡು ಪುಟವನ್ನೂ ಓದಿದಳು. ಹತ್ತನೆಯಲ್ಲಿ ಒಮ್ಮೆ ಫೇಲಾದವಳು ಅವಳು. ಹನ್ನೊಂದನೇ ಪುಟದಲ್ಲಿ ಸಿಕ್ಕಿತು: ಕಾಗದ ಕೈಸೇರಿದ ಮೂವತ್ತು ದಿನದೊಳಗೆ ಬೇಡ ಎಂದರೆ ಹಣ ವಾಪಸು.

ಮಗ ಫೋನಿನಲ್ಲಿ, "ಹೋಗ್ಲಿ ಬಿಡು, ಬ್ಯಾಂಕಿನವರ ಜೋಡಿ ಜಗಳ ಯಾಕ" ಎಂದ. ಅವನು ಅವರಪ್ಪನ ಹಾಗೆ, ಮೇಲಿನವರ ಎದುರು ಬಾಯಿ ಇಲ್ಲ. ಸೊಸೆ "ಹೂಂ" ಅಂದು ಫೋನು ಇಟ್ಟು, ಮರುದಿನ ಬ್ಯಾಂಕಿಗೆ ಹೊರಟಳು. ನಾನೂ ಹೋದೆ.

ಬ್ಯಾಂಕಿನವನು ವಿಮೆ ತೆಗೆದರೆ ಸಾಲವೇ ರದ್ದಾಗುತ್ತದೆ ಎಂದು ಹೆದರಿಸಿದ. ಇವಳು ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದು ಅವನ ಮುಂದಿಟ್ಟಳು. "ಈಗ ಹೇಳಿದ್ದನ್ನೇ ಬರೆದು ಸಹಿ ಮಾಡಿಕೊಡಿ ಭಾಯ್, ನಾನು ಹೋಗ್ತೀನಿ." ಅವನು ಹಾಳೆ ನೋಡಿದ, ನನ್ನನ್ನು ನೋಡಿದ, ಎ.ಸಿ. ನೋಡಿದ. ಬರೆಯಲಿಲ್ಲ. ವಿಮೆಯ ಆಫೀಸು ವಡೋದರಾದಲ್ಲಿದೆ, ಅಲ್ಲಿ ಕೇಳಿ ಎಂದ.

ಇಪ್ಪತ್ತೆಂಟನೆಯ ದಿನ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋದೆವು. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, "ಸಾರಿ, ಕವರು ನಿಮಗೆ ಮುಟ್ಟಿ ಮೂವತ್ತೊಂಬತ್ತು ದಿನವಾಯ್ತು" ಎಂದಳು. ಕೊರಿಯರಿನವನು ಮನೆಗೆ ಬರುವ ಹನ್ನೊಂದು ದಿನ ಮೊದಲೇ ತಲುಪಿಸಿದೆ ಎಂದು ತನ್ನ ಮೊಬೈಲಿನಲ್ಲಿ ಒತ್ತಿಬಿಟ್ಟಿದ್ದ. ದೇವರ ಮುಂದೆ ಇಟ್ಟವಳು ನಾನೇ ತಾನೆ.

ಸೊಸೆ ದನಿ ಏರಿಸಲಿಲ್ಲ. "ಯಾರು ಸಹಿ ಮಾಡ್ಯಾರ, ಆ ಚೀಟಿ ತೋರಿಸಿ" ಎಂದು ಹಿಂದಿಯಲ್ಲಿ ಕೇಳಿದಳು. ಅದನ್ನು ತರಿಸಲು ಒಂದು ತಾಸು. ಇವಳು ಕುರ್ಚಿ ಬಿಟ್ಟು ಏಳಲಿಲ್ಲ, ನೀರು ಕುಡಿಯಲೂ ಹೋಗಲಿಲ್ಲ. ಕೊನೆಗೆ ಹುಡುಗಿ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

"ಮಾತಾಜಿ, ಇದು ಯಾವ ಭಾಷೆ?"

ನನ್ನ ಸಹಿ. ಯಜಮಾನರು ನನಗೆ ಕಲಿಸಿದ್ದು ಇಷ್ಟೇ: ಹೆಸರು ಬರೆ, ಕೆಳಗೆ ಆವತ್ತಿನ ತಾರೀಖು ಹಾಕು, ಇಲ್ಲದಿದ್ದರೆ ಪೆನ್ನು ಮುಟ್ಟಬೇಡ. ಕನ್ನಡ ಅಂಕಿಯಲ್ಲಿ ತಾರೀಖು ದಪ್ಪಗೆ ಕೂತಿತ್ತು. ಅಲ್ಲಿ ಯಾರಿಗೂ ಅದು ಅಂಕಿ ಎಂದು ಗೊತ್ತಿರಲಿಲ್ಲ. ಹುಡುಗಿ ಮೊಬೈಲಿನಲ್ಲಿ ಕನ್ನಡ ಅಂಕಿಗಳನ್ನು ತೆರೆದು ಒಂದೊಂದನ್ನೇ ತಾಳೆ ನೋಡಿದಳು, ಒಳಗೆ ಹೋಗಿ ಸಾಹೇಬರನ್ನು ಕೇಳಿದಳು, ಬಂದು ವಿಮೆ ಬೇಡ ಎಂದು ಸೊಸೆ ಬರೆದ ಅರ್ಜಿಗೆ ಸಿಕ್ಕಾ ಒತ್ತಿದಳು. ಚೀಟಿ ಕೇಳಬೇಕು ಎಂದು ಹೊಳೆದದ್ದು ಮಾತ್ರ ಸೊಸೆಗೆ. ನಾನಾಗಿದ್ದರೆ ಕೊರಿಯರಿನವನಿಗೆ ಬೈದು ರೈಲು ಹತ್ತುತ್ತಿದ್ದೆ.

"ಹಣ ಸಾಲದ ಖಾತೆಗೆ ಜಮಾ ಆಗುತ್ತೆ, ಕೈಗೆ ಬರಲ್ಲ" ಎಂದಳು ಹುಡುಗಿ ಕೊನೆಗೆ. "ಸಾಲ ಅಷ್ಟು ಕಡಿಮೆಯಾಗುತ್ತೆ, ಅಷ್ಟೇ."

ರೈಲಿನಲ್ಲಿ ನಾನೇ ಅಂದೆ, "ಇಷ್ಟು ಬಡಿದಾಡಿ ಅಂಗಡಿ ಹೋತಲ್ಲವಾ."

"ಸುಮ್ನಿರ್ರಿ ಅತ್ತಿ, ಲೆಕ್ಕ ಹಾಕಾಕತ್ತೇನಿ."

ದಾರಿಯಲ್ಲಿ ಆಣಂದ ಊರು ದಾಟುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ಅಹಮದಾಬಾದ್ ಸ್ಟೇಷನ್ನಿನಿಂದ ಆಟೋ ನೇರ ನವರಂಗಪುರಕ್ಕೆ. ಅಂಗಡಿಯ ಒಡತಿ ನನ್ನಷ್ಟೇ ವಯಸ್ಸಿನ ಗುಜರಾತಿ, ನನಗಿಂತ ಖಡಕ್ಕು. ಸಿಕ್ಕಾ ಒತ್ತಿದ ಕಾಗದ ನೋಡಿ, "ದುಡ್ಡು ಬ್ಯಾಂಕಿಗೆ ಹೋಗುತ್ತೆ. ಇದರಿಂದ ನನಗೇನು?" ಎಂದಳು.

"ನನ್ನ ಕಂತು ತಿಂಗಳಿಗೆ ನಾನೂರು ಇಳಿಸಿಕೊಳ್ತೀನಿ ಅಮ್ಮಾ. ಆ ಇಳಿದದ್ದನ್ನು ಬಾಡಿಗೆ ಜೊತೆ ನಿಮಗೆ ಕೊಡ್ತೀನಿ. ಮೂರು ವರ್ಷಕ್ಕೆ ಕಡಿಮೆ ಬಿದ್ದ ಹದಿನಾಲ್ಕು ಸಾವಿರ ಪೂರ್ತಿ."

"ಮೂರು ವರ್ಷ! ನಾನಿರ್ತೀನೋ ಇಲ್ವೋ."

"ನಾನಂತೂ ಇರ್ತೀನಿ. ಮೊಬೈಲ್ ಕವರಿನವನು ಆರು ತಿಂಗಳಿಗೆ ಓಡಿಹೋದರೆ ಮತ್ತೆ ಹುಡುಕಬೇಕು ನೀವು."

ಮುದುಕಿ ಇವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಸೊಸೆ ನಿಮಗೆಲ್ಲಿ ಸಿಕ್ಕಿದಳು? ನಮ್ಮವಳ ಹಾಗೆ ಮಾತಾಡ್ತಾಳಲ್ಲ" ಎಂದಳು. ಗುಜರಾತಿಗಳು ವ್ಯಾಪಾರದಲ್ಲಿ ನಮ್ಮವಳು ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ನಾನು "ಬಾದಾಮಿಯಲ್ಲಿ" ಎಂದೆ. ಅವಳಿಗೆ ಏನು ತಿಳಿಯಿತೋ, ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ಕೊಟ್ಟಳು.

ಸೊಸೆ ಷಟರ್ ಎತ್ತಿ ಒಳಗೆ ಹೋದಳು. ಕೈ ಮುಗಿಯಲಿಲ್ಲ, ಕಣ್ಣೀರು ಹಾಕಲಿಲ್ಲ. ಮೊದಲು ನಲ್ಲಿ ತಿರುಗಿಸಿ ನೀರು ಬರುತ್ತದೋ ಇಲ್ಲವೋ ನೋಡಿದಳು.