ಅಮಾವಾಸ್ಯೆಗೊಮ್ಮೆ ಜಾಝ್

ಆ ರಿಕಾರ್ಡಿಗೆ ಹೊದಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹಿಂದೆ ಎರಡು ಸಲ ಇದನ್ನೇ ಬರೆಯಲು ಕೂತಾಗ ನಾನು ಅದಕ್ಕೊಂದು ಚೆಂದದ ಹೊದಿಕೆ ಹೊಲಿದಿದ್ದೆ: ನೀಲಿ ಆಕಾಶ, ಮರಳು, ಒಂದು ಒಂಟೆ. ಒಂಟೆ ಸುಳ್ಳು. ಇಂಡಿ ಊರಿನಲ್ಲಿದ್ದ ನನ್ನ ಭಾವ ಮುಂಬಯಿಯ ಫುಟ್‌ಪಾತಿನಿಂದ ತಂದದ್ದು ಹಳೆಯ ಮರಾಠಿ ಪತ್ರಿಕೆಯಲ್ಲಿ ಸುತ್ತಿದ ಕಪ್ಪು ರಿಕಾರ್ಡ್ ಒಂದೇ. ರಿಕಾರ್ಡಿನ ನಡುವೆ ಅಂಟಿಸಿದ ಕಾಗದದ ಮೇಲೆ ಯಾರೋ ಚಹಾ ಚೆಲ್ಲಿ ಹೆಸರುಗಳೆಲ್ಲ ಅಳಿಸಿಹೋಗಿದ್ದವು.

“ಜಾಝ್ ಅಂತ ಇದು. ದೇಶದೇಶದ ವಾದ್ಯಾ ತಂದು ಒಂದರಾಗ ಕಲಸ್ಯಾರಂತ. ನನಗಂತೂ ತಲಿ ಹಿಡೀತು. ನೀನು ಹುಚ್ಚ ಇದ್ದಿ, ನೀನ ಇಟ್ಕೋ” ಎಂದರು ಭಾವ.

ನಾನಾಗ ಸಿಂದಗಿಯಲ್ಲಿ ಮಾಸ್ತರ. ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ. ಬರೆದ ಕತೆಗಳನ್ನು ಅರ್ಧಕ್ಕೇ ಹರಿದು ಹಾಕುವುದು, ಬುಲ್‌ಬುಲ್ ತರಂಗ ಬಾರಿಸುವುದು, ಇವೆರಡು ನನ್ನ ಚಟ. ಟೈಪ್‌ರೈಟರಿನಂಥ ಗುಂಡಿಗಳಿರುವ ಆ ತಂತಿವಾದ್ಯವನ್ನು ಸಂಗೀತ ಬಲ್ಲವರು ಆಟಿಕೆ ಎಂದು ನಗುತ್ತಿದ್ದರು.

ನನಗೆ ತಿಳಿದಂತೆ ಊರಿನಲ್ಲಿ ರಿಕಾರ್ಡ್ ಹಾಕುವ ಯಂತ್ರ ಇದ್ದದ್ದು ಮೈಕ್ ಅಂಗಡಿಯಲ್ಲಿ ಮಾತ್ರ. ಮದುವೆಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವ ಅಂಗಡಿ ಅದು. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮದುವೆ ಮಾಡುವುದಿಲ್ಲ, ಹಾಗಾಗಿ ಅಂದು ಯಂತ್ರ ಬಿಡುವಾಗಿರುತ್ತಿತ್ತು. ಮದುವೆ ಇಲ್ಲವೆಂದರೆ ಶಹನಾಯಿಯಂಥ ಸನಾದಿ ಊದುವವರಿಗೂ ಬಿಡುವು. ಮೊದಲ ಅಮಾವಾಸ್ಯೆ ನಾನು ರಿಕಾರ್ಡ್ ಹಾಕಿಸಿದಾಗ ಅಂಗಡಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದವನು ಅಂಥ ಒಬ್ಬ ಸನಾದಿಯವನು. ಐವತ್ತರ ಆಸುಪಾಸಿನ ವಯಸ್ಸು, ಉಬ್ಬಿ ಉಬ್ಬಿ ಸಡಿಲಾದ ಗಲ್ಲಗಳು.

ಮೊದಲು ಕಬ್ಬಿಣದ ನಾಲಿಗೆಗಳನ್ನು ಬೆರಳಿನಿಂದ ಮೀಟಿದಂಥ ಟಿಣ್‌ಟಿಣ್ ಸದ್ದು ಬಂತು. ಅದರ ಕೆಳಗೆ ತಬಲಾ. ಆಮೇಲೆ ಕಟ್ಟಿಗೆಯ ಪಟ್ಟಿಗಳ ಮೇಲೆ ಬಡಿದ ಸದ್ದು, ಕರೆಂಟಿನ ಗಿಟಾರು, ಇವೆಲ್ಲವುಗಳ ಮೇಲೆ ಒಂದು ಊದುವ ವಾದ್ಯ. ಸನಾದಿಯವನ ಬೀಡಿ ಕೈಯಲ್ಲೇ ಆರಿತು.

“ಮಾಸ್ತರ್ರ, ಇಂವ ನಮ್ಮ ಮಂದ್ಯಾಂವ ಅದಾನ್ರಿ.”

“ಅಲ್ಲ ಕಾಕಾ, ಹೊರದೇಶದಾಂವ.”

“ಎಲ್ಲ್ಯಾಂವರೆ ಇರ್ಲಿ. ಇದು ಸನಾದಿನ. ತಬಲಾ ಮಾತ್ರ ಭಾಳ ಕೀಚ್ ಅಂತೈತಿ.”

ತಬಲಾದ ಸ್ವರ ವಿಪರೀತ ಏರಿತ್ತು, ನಿಜ. ನನಗೂ ಅನುಮಾನ ಬಂದಿತ್ತು. ಅದನ್ನು ಬಗೆಹರಿಸಿದವನು ಎರಡನೆಯ ಅಮಾವಾಸ್ಯೆಗೆ ನಮ್ಮ ಜೊತೆ ಸೇರಿದ ಮುದ್ದೇಬಿಹಾಳದ ಕರಡಿಯವನು. ಕರಡಿ ಎಂದರೆ ಸೊಂಟಕ್ಕೆ ಕಟ್ಟಿಕೊಂಡು ಬಾರಿಸುವ, ಗುರುಗುಟ್ಟುವ ಚರ್ಮವಾದ್ಯ. ಅವನು ಒಕ್ಕಲುತನದವನು. ಅಮಾವಾಸ್ಯೆಗೆ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ, ಆದ್ದರಿಂದ ಅವನೂ ಅಂದೇ ಖಾಲಿ. ಬಾರಿಸುವ ಮುನ್ನ ಚರ್ಮವನ್ನು ಬಿಸಿಲಿಗಿಟ್ಟು ಬಿಗಿ ಮಾಡುವುದು ಅವನ ರೂಢಿ. ತಬಲಾ ಕೇಳಿದವನೇ ತೀರ್ಪು ಕೊಟ್ಟ: “ಭಾಳ ಕಾಸ್ಯಾರ. ಥಂಡಿ ದೇಶ ನೋಡ್ರಿ, ಒಲಿ ಮುಂದ ಇಟ್ಟು ಮರತ್ ಬಿಟ್ಟಾರ.” ನಾವು ಒಪ್ಪಿದೆವು. ಚರ್ಮದ ವಿಷಯದಲ್ಲಿ ಅವನಿಗಿಂತ ಬಲ್ಲವರು ಯಾರಿದ್ದರು?

ಇಂಥ ಸಂಗೀತ ನಾವೂ ಮಾಡಬೇಕು ಎಂಬ ಹಟ ನನ್ನದು. ಸನಾದಿಯವನ ಹಟ ಬೇರೆ. ಅದನ್ನು ಅವನು ಒಮ್ಮೆ ಮಾತ್ರ ಹೇಳಿದ. ಸನಾದಿಯವರು ಕೂರುವುದು ಚಪ್ಪರದ ಬಾಗಿಲಲ್ಲಿ. ಯಾವ ರಾಗದ ಚಾಲು ಊದುತ್ತಿದ್ದರೂ ಬೀಗರೋ ದೊಡ್ಡ ಮನುಷ್ಯರೋ ಬಂದರೆಂದರೆ ಅಲ್ಲಿಗೇ ಕತ್ತರಿಸಿ ಸ್ವಾಗತದ ಚಾಲು ಊದಬೇಕು. ಮದುವೆಯಲ್ಲಿ ಜನ ಬರುವುದು ನಿಲ್ಲುವುದೇ ಇಲ್ಲ.

“ಮೂವತ್ತು ವರ್ಷ ಆತ್ರಿ ಊದಾಕತ್ತು. ಒಂದ ಒಂದು ಚಾಲ ಕಡೀತನಾ ಮುಗಿಸಿಲ್ಲ. ಮಂದಿ ಕುಂತು ಕೇಳಿಲ್ಲ, ದಾಟಿ ಹೋಗ್ಯಾರ. ಇದೊಂದು ಕುಂದ್ರಿಸಿ ಕೇಳಿಸಿ, ಮುಗಿಸಿ ಬಿಡಬೇಕ್ರಿ.”

ಬಸವನ ಬಾಗೇವಾಡಿಯ ಒಂದು ಸಾಲೆಯ ಹೆಡ್‌ಮಾಸ್ತರರು ನನ್ನ ಪರಿಚಯದವರು. ಅವರ ಸಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ, ಮುಖ್ಯ ಅತಿಥಿ ಬರುವುದಕ್ಕೆ ಮೊದಲು ಹತ್ತು ನಿಮಿಷ ಕೊಡಲು ಒಪ್ಪಿದರು. ನಮ್ಮದು ಎಂಟು ನಿಮಿಷದ್ದು. ಇನ್ನೆರಡು ಅಮಾವಾಸ್ಯೆ ಕುದುರೆಯಂತೆ ಓಡುವ ಆ ರಿಕಾರ್ಡಿನ ಹಿಂದೆ ಓಡಿದೆವು. ತಾಳ ಏಳರದು. ಕರಡಿಯವನು ಅದನ್ನು ಮೂರು ಹೆಜ್ಜೆ, ನಾಲ್ಕು ಹೆಜ್ಜೆ ಎಂದು ಲೆಕ್ಕ ಹಾಕಿ ಮಣಿಕಟ್ಟಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಟಿಣ್‌ಟಿಣ್ ಸದ್ದು ನನ್ನ ಆಟಿಕೆಯ ಪಾಲಿಗೆ ಬಂತು.

ಗ್ಯಾದರಿಂಗಿನ ದಿನ ಬೆಳಿಗ್ಗೆಯೇ ಮೂವರೂ ಬಾಗೇವಾಡಿಯಲ್ಲಿದ್ದೆವು. ಹೆಡ್‌ಮಾಸ್ತರರ ಮನೆಯ ಎದುರಿಗಿದ್ದ ಡಾಕ್ಟರರ ಬಳಿ ಒಳ್ಳೆಯ ಯಂತ್ರವಿತ್ತು. ಕೊನೆಯ ಸಲ ಕೇಳಿಬಿಡೋಣ ಎಂದು ರಿಕಾರ್ಡ್ ಹಿಡಿದು ಹೋದೆವು. ಡಾಕ್ಟರರು ಸೂಜಿ ಇಟ್ಟರು.

ಬಂದದ್ದು ಬೇರೆ ಯಾವುದೋ ಸಂಗೀತ. ನಿಧಾನ, ಭಾರ. ತಬಲಾ ಸಾಮಾನ್ಯ ತಬಲಾದ ಹಾಗೆಯೇ ಇತ್ತು. ನಮ್ಮ ಸನಾದಿ ಇದ್ದ ಜಾಗದಲ್ಲಿ ದಪ್ಪ ಗಂಟಲಿನ ಸ್ಯಾಕ್ಸೊಫೋನ್ ಉಸಿರು ಬಿಡುತ್ತಿತ್ತು.

“ಇದು ಅಲ್ಲರಿ, ರಿಕಾರ್ಡ ಬದಲಿ ಆಗೇತಿ” ಎಂದ ಸನಾದಿಯವನು.

ಡಾಕ್ಟರರು ಯಂತ್ರದ ಪಕ್ಕದ ಸಣ್ಣ ಹಿಡಿ ತೋರಿಸಿದರು. ದೊಡ್ಡ ರಿಕಾರ್ಡ್ ಮೂವತ್ತಮೂರರ ವೇಗದಲ್ಲಿ, ಸಿನಿಮಾ ಹಾಡಿನ ಸಣ್ಣ ರಿಕಾರ್ಡ್ ನಲವತ್ತೈದರಲ್ಲಿ ತಿರುಗಬೇಕು. ನಮ್ಮ ಮೈಕ್ ಅಂಗಡಿಯಲ್ಲಿದ್ದದ್ದೆಲ್ಲ ಸಣ್ಣವೇ. ಮದುವೆಯಲ್ಲಿ ಯಾರೂ ಕೈಯಾಡಿಸದಿರಲಿ ಎಂದು ಅಂಗಡಿಯವನು ಆ ಹಿಡಿಯನ್ನು ನಲವತ್ತೈದಕ್ಕೆ ಇಟ್ಟು ಅರಗು ಹಾಕಿ ಮುಚ್ಚಿದ್ದ. ನಾಲ್ಕು ತಿಂಗಳು ನಾವು ಕಲಿತದ್ದು ಅವನ ಅರಗನ್ನು.

ಕರಡಿಯವನು ಬಿದ್ದು ಬಿದ್ದು ನಕ್ಕ. “ಕಾಸಿದ್ದರಂತ ತಬಲಾ! ಕಾಸಿದಾಂವ ಸಿಂದಗ್ಯಾಗ ಅದಾನ!”

ನನಗೆ ನಗು ಬರಲಿಲ್ಲ. “ಕಲತಂಗ ಬಾರಿಸಿ ಬಿಡೂಣು. ಯಾರಿಗೆ ಗೊತ್ತಾಗ್ತೈತಿ?” ಎಂದೆ. ಹೊಸದರ ಹುಚ್ಚಿನವನೆಂದು ಮೆರೆಯುತ್ತಿದ್ದ ನಾನೇ ಮೊದಲು ಹಿಂಜರಿದದ್ದು. ಹಿಂದೆ ಬರೆದ ಎರಡು ಸಲವೂ ಈ ಮಾತನ್ನು ಕರಡಿಯವನ ಬಾಯಿಗೆ ಹಾಕಿದ್ದೆ.

ಸನಾದಿಯವನು ಕೈ ಎತ್ತಿ ಸುಮ್ಮನಿರಿಸಿದ. ಊದುವ ಭಾಗ ಮತ್ತೆ ಬಂದಿತ್ತು. ಆ ವಾದಕ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಲೇ ಇದ್ದ.

“ಎಷ್ಟು ದಮ್ಮೈತಿ ನೋಡ್ರಿ ಈ ಮನಷ್ಯಾಗ! ನಾ ಏನೋ ಸಸಾರ ಅಂತ ತಿಳ್ಕೊಂಡಿದ್ನಿ. ಓಡಿಸಿದ್ದಕ್ಕ ಸಸಾರ ಆಗಿತ್ತು. ಮಾಸ್ತರ್ರ, ಹಿಂಗ ಊದೂಣು. ಇಂವ ಊದಿದಂಗ.”

“ದಮ್ಮಿದ್ದಾಂವ ಊದ್ತಾನ, ಇಲ್ಲದಾಂವ ಬೀಡಿ ಎಳೀತಾನ” ಎಂದ ಕರಡಿಯವನು. “ಇಷ್ಟು ಸಾವಕಾಶ ಬಾರಿಸಿದ್ರ ನನ್ನ ಎತ್ತು ಸೈತ ಮಲಗ್ತಾವ.”

“ಮಲಗ್ಲಿ ಬಿಡೋ. ಎಬಸೂದು ನನ್ನ ಕೆಲಸ.” ಸನಾದಿಯವನು ಬೀಡಿಯ ಕಟ್ಟು ತೆಗೆದು ಅವನ ಕೈಗೆ ಹಾಕಿದ.

ಸ್ವರ ಇಳಿಸಲು ಹೊತ್ತಿರಲಿಲ್ಲ. ನನ್ನ ತಂತಿಗಳನ್ನೆಲ್ಲ ಸಡಿಲಿಸಬೇಕು, ಅವನ ಸನಾದಿಯೇ ಬೇರೆ ಬೇಕು. ಆದ್ದರಿಂದ ಸ್ವರವನ್ನು ನಮ್ಮ ತಪ್ಪಿನಲ್ಲಿದ್ದಂತೆಯೇ ಎತ್ತರದಲ್ಲಿ ಉಳಿಸಿಕೊಂಡೆವು. ನಡೆಯನ್ನು ಮಾತ್ರ ಡಾಕ್ಟರರ ಯಂತ್ರದಿಂದ ತೆಗೆದುಕೊಂಡೆವು. ಹಾಗೆ ಹುಟ್ಟಿದ್ದು ಮುಂಬಯಿಯ ಆ ರಿಕಾರ್ಡಿನಲ್ಲೂ ಇಲ್ಲದ, ಸಿಂದಗಿಯಲ್ಲಿ ನಾವು ಕೇಳಿದ್ದೂ ಅಲ್ಲದ ಮೂರನೆಯದು. ಎಂಟು ನಿಮಿಷದ್ದು ಈಗ ಹನ್ನೊಂದಾಯಿತು. ಹೆಡ್‌ಮಾಸ್ತರರಿಗೆ ಹೇಳಲಿಲ್ಲ. ಇಡೀ ದಿನ ಡಾಕ್ಟರರ ಹಿತ್ತಲಲ್ಲಿ ಕರಡಿಯವನು ಕೈಯನ್ನು ತಡೆತಡೆದು ಹೊಡೆಯುವುದನ್ನು ಕಲಿತ.

ಸಂಜೆ ವೇದಿಕೆಯ ಮೇಲೆ ಜಮಖಾನೆ ಹಾಸಿದ್ದರು. ಸನಾದಿಯವನು ಅಭ್ಯಾಸಬಲದಿಂದ ಬಾಗಿಲ ಕಡೆ ನಡೆದ. ನಾನು ತೋಳು ಹಿಡಿದು ಕರೆತಂದು ನಡುವೆ ಕೂರಿಸಿದೆ. ಮೊದಲ ಸಾಲು ಊದಿದಾಗ ಹುಡುಗರು ನಕ್ಕರು. ಅವನ ಗಲ್ಲ ಕಂಡು ನಕ್ಕರೋ ನನ್ನ ಆಟಿಕೆ ಕಂಡೋ ತಿಳಿಯದು. ಆಮೇಲೆ ನಗು ನಿಂತಿತು. ಎರಡನೆಯ ಉದ್ದನೆಯ ಸಾಲಿನಲ್ಲಿ ಅವನ ಉಸಿರು ತುಂಡಾಯಿತು. ಅವನು ಅದನ್ನು ಮುಚ್ಚಿಡಲಿಲ್ಲ. ವಾದ್ಯ ಬಾಯಿಂದ ತೆಗೆದು, ಗಟ್ಟಿಯಾಗಿ ಉಸಿರೆಳೆದುಕೊಂಡು, ಬಿಟ್ಟಲ್ಲಿಂದ ಮತ್ತೆ ಹಿಡಿದ.

ಒಂಬತ್ತು ನಿಮಿಷ ಆಗಿರಬೇಕು. ಬಾಗಿಲಲ್ಲಿ ಮುಖ್ಯ ಅತಿಥಿ ಕಾಣಿಸಿಕೊಂಡರು, ಹಾರ ಹಿಡಿದವರೂ ಜೊತೆಗಿದ್ದರು. ಕೆಳಗಿನಿಂದ ಹೆಡ್‌ಮಾಸ್ತರರು ಬೆರಳು ತಿರುಗಿಸಿ ಸನ್ನೆ ಮಾಡಿದರು: ಸ್ವಾಗತ, ಸ್ವಾಗತ. ಸನಾದಿಯವನ ಬೆರಳು ಸ್ವಾಗತದ ಚಾಲಿನ ತೂತುಗಳತ್ತ ಸರಿದದ್ದನ್ನು ನಾನು ನೋಡಿದೆ. ಮೂವತ್ತು ವರ್ಷ ಇಂಥ ಸನ್ನೆಗೆ ತಾವಾಗಿ ತಿರುಗಿದ ಬೆರಳುಗಳು ಅವು. ಕರಡಿಯವನು ತಾಳ ತಪ್ಪಿ ನನ್ನ ಮುಖ ನೋಡಿದ. ನಾನು ಸನಾದಿಯವನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡ, ಊದುತ್ತಲೇ ಹೋದ. ಅದನ್ನು ಕಂಡು ಕರಡಿ ಮತ್ತೆ ಏಳರ ಲೆಕ್ಕಕ್ಕೆ ಬಂತು, ನನ್ನ ಗುಂಡಿಗಳೂ ಬಂದವು.

ಅತಿಥಿ ಬಾಗಿಲಲ್ಲೇ ನಿಂತು ಕೇಳಿದರೆಂದು ನನ್ನ ನೆನಪು. ಅವರು ನೇರವಾಗಿ ಬಂದು ಕುರ್ಚಿಯಲ್ಲಿ ಕೂತು ಪಕ್ಕದವರೊಡನೆ ಮಾತಾಡುತ್ತಿದ್ದರೆಂದು ಕರಡಿಯವನು ಮುಂದೆ ಆಣೆ ಮಾಡಿ ಹೇಳಿದ. ಅವನದೇ ನಿಜವಿರಬಹುದು. ನಿಂತಿದ್ದರೆ ನನಗೆ ಅನುಕೂಲ, ಅಷ್ಟೇ.

ಕೊನೆಯ ಸ್ವರವನ್ನು ಸನಾದಿಯವನು ಉಸಿರು ಪೂರ್ತಿ ತೀರುವವರೆಗೆ ಹಿಡಿದ. ನಿಲ್ಲಿಸಿದ ಮೇಲೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸನಾದಿಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಿದ್ದವರನ್ನು ನೋಡಿದ, ಮೈಕಿನ ಕಡೆ ಬಾಗಿದ.

“ಮುಗೀತ್ರಿ” ಎಂದ.

ಆಮೇಲೆ ಗಲ್ಲ ಒರೆಸಿಕೊಂಡು, ಅತಿಥಿಯ ಕಡೆ ತಿರುಗಿ, ಸ್ವಾಗತದ ಚಾಲು ಎತ್ತಿದ.