ಗಿರಣಿ ತೊರೆಯ ಟ್ರೌಟ್

ಹಿರ್ವಿಸೆಲ್ಕ ಸರೋವರದಲ್ಲಿ ಕೆರ್ತು ಇಪ್ಪತ್ತೆರಡು ವರ್ಷ ತನ್ನ ತಮ್ಮ ರೈಮೊನ ದೋಣಿಗೆ ಹುಟ್ಟು ಹಾಕಿದಳು. ಪ್ರತಿ ಸೆಪ್ಟೆಂಬರಿನಲ್ಲೂ ಮೀನು ಹಿಡಿಯುವ ಸ್ಪರ್ಧೆ ಮುಗಿದ ಮೇಲೆ ಊರಿನ ಪತ್ರಿಕೆಯಲ್ಲಿ ರೈಮೊನ ಫೋಟೊ ಬರುತ್ತಿತ್ತು, ಎರಡೂ ಕೈಯಲ್ಲಿ ಮೀನು ಎತ್ತಿ ಹಿಡಿದುಕೊಂಡು. ಒಂದೊಂದು ಸಲ ಫೋಟೊದ ಅಂಚಿನಲ್ಲಿ ಕೆರ್ತುವಿನ ಮೊಣಕೈ ಇರುತ್ತಿತ್ತು. ಅದರ ಬಗ್ಗೆ ಅವಳಿಗೆ ಸಿಟ್ಟಿಲ್ಲ ಎಂದು ಊರಿನವರು ತಿಳಿದಿದ್ದರು. ಸಿಟ್ಟಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ದೋಣಿಯ ಹಿಂದೆ ಉದ್ದ ದಾರ ಬಿಟ್ಟು, ಮರದ ನಕಲಿ ಮೀನನ್ನು ನೀರೊಳಗೆ ಎಳೆಯುತ್ತಾ ಸಾಗುವ ಬೇಟೆ ಅದು. ಗಾಳದ ಕೋಲು ನೋಡಿಕೊಳ್ಳುವವನು ಹಿಂದೆ ಕೂತಿರುತ್ತಾನೆ, ಕಾಫಿ ಕುಡಿಯುತ್ತಾನೆ, ಆಕಾಶ ನೋಡುತ್ತಾನೆ. ನಕಲಿ ಮೀನಿಗೆ ಜೀವ ಬರುವುದು ಹುಟ್ಟು ಹಾಕುವವರ ತೋಳಿನಿಂದ. ಎಳೆತ ಚೂರು ಜೋರಾದರೆ ಅದು ಮೇಲೆ ಏಳುತ್ತದೆ, ಚೂರು ಮೆತ್ತಗಾದರೆ ತಳದ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕೆರ್ತು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಪ್ರತಿ ಗುರುವಾರ ಮುನ್ನೂರು ಮಕ್ಕಳಿಗೆ ಬಟಾಣಿ ಸೂಪು ಬೇಯಿಸಿ, ಆ ಹಂಡೆಗಳನ್ನು ಎತ್ತಿ ಇಳಿಸಿ ಅವಳ ಭುಜ ಗಟ್ಟಿಯಾಗಿತ್ತು. ಸರೋವರದ ತಳ ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ ಎಂಬುದು ಅವಳಿಗೆ ಆಳ ಅಳೆಯುವ ಯಂತ್ರವಿಲ್ಲದೆ ಗೊತ್ತಿತ್ತು.

ಆ ಸರೋವರಕ್ಕೆ ಬಂದು ಸೇರುವ ಗಿರಣಿ ತೊರೆಯಲ್ಲಿ ಹಿಂದೊಮ್ಮೆ ಟ್ರೌಟ್ ಮೀನುಗಳು ಮೊಟ್ಟೆ ಇಡುತ್ತಿದ್ದವು. ಮರದ ದಿಮ್ಮಿಗಳನ್ನು ನೀರಿನಲ್ಲಿ ತೇಲಿಸಿ ಸಾಗಿಸುತ್ತಿದ್ದ ಕಾಲದಲ್ಲಿ, ಅಡ್ಡ ಬರಬಾರದೆಂದು ತೊರೆಯ ಕಲ್ಲುಗಳನ್ನೆಲ್ಲ ಕಿತ್ತು ಚರಂಡಿಯಂತೆ ಮಾಡಿಬಿಟ್ಟಿದ್ದರು. ಐದು ಬೇಸಿಗೆ ಕೆರ್ತು ಮತ್ತು ಇನ್ನೂ ಏಳು ಜನ ಸೊಂಟದವರೆಗಿನ ರಬ್ಬರ್ ಬೂಟು ಹಾಕಿಕೊಂಡು, ಮೀನು ಮತ್ತೆ ಮೊಟ್ಟೆ ಇಡಲಿ ಎಂದು ಬಕೆಟ್ಟಿನಲ್ಲಿ ಜಲ್ಲಿ ಹೊತ್ತು ಆ ತೊರೆಗೆ ಸುರಿದರು. ರೈಮೊ ಮೊದಲ ದಿನ ಬಂದಿದ್ದ. ಪತ್ರಿಕೆಯವರು ಫೋಟೊ ತೆಗೆದುಕೊಂಡು ಹೋದ ಮೇಲೆ ಅವನಿಗೆ ಸೊಂಟ ನೋವು ಬಂತು. ನಾಲ್ಕನೆಯ ವರ್ಷ ಜಲ್ಲಿಯ ನಡುವೆ ಬೆರಳುದ್ದದ ಮರಿಗಳು ಓಡಾಡುವುದನ್ನು ಕಂಡ ಕೆರ್ತು ತಣ್ಣನೆಯ ನೀರಿನಲ್ಲೇ ಬಹಳ ಹೊತ್ತು ನಿಂತುಬಿಟ್ಟಿದ್ದಳು.

ಸಾಕಣೆ ಕೇಂದ್ರದಿಂದ ತಂದು ಸರೋವರಕ್ಕೆ ಬಿಡುವ ಮೀನುಗಳಿಗೆ ಬೆನ್ನಿನ ಕೊನೆಯಲ್ಲಿರುವ ಪುಟ್ಟ ಈಜುರೆಕ್ಕೆಯನ್ನು ಮರಿಯಾಗಿದ್ದಾಗಲೇ ಕತ್ತರಿಸಿರುತ್ತಾರೆ. ಅಂಥವನ್ನು ಹಿಡಿದು ತಿನ್ನಬಹುದು. ರೆಕ್ಕೆ ಇರುವುದು ತೊರೆಯಲ್ಲಿ ಹುಟ್ಟಿದ ಮೀನು. ಅದನ್ನು ಬಿಟ್ಟುಬಿಡಬೇಕು. ಕಾನೂನೇ ಹಾಗಿದೆ, ಊರಿನ ಮಕ್ಕಳಿಗೂ ಗೊತ್ತು.

ಇಪ್ಪತ್ತೆರಡನೆಯ ವರ್ಷದ ಸ್ಪರ್ಧೆಯ ದಿನ ಗಾಳಿ ಉತ್ತರದಿಂದ ಬೀಸುತ್ತಿತ್ತು. ನಾಲ್ಕು ಗಂಟೆ ಹುಟ್ಟು ಹಾಕಿದರೂ ದೋಣಿಗೆ ಬಂದದ್ದು ಎರಡು ಸಣ್ಣ ಪರ್ಚ್ ಮೀನು. ರೈಮೊ ಗೊಣಗುತ್ತಲೇ ಇದ್ದ.

"ಎಡಕ್ಕೆ ಹೋಗು ಅಂದ್ರೆ ಬಲಕ್ಕೆ ಹೋಗ್ತೀಯ. ವಯಸ್ಸಾಯ್ತು ಕಣೇ ನಿನಗೆ."

"ಹುಟ್ಟು ನೀನೇ ಹಾಕ್ತೀಯೇನೋ? ತಗೋ."

ಅವನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ. ಅವಳು ಸರೋವರದ ನಡುವಿನ ದ್ವೀಪದ ಹಿಂದೆ, ತಳ ಇಳಿಜಾರಾಗುವ ಕಡೆಗೆ ದೋಣಿ ತಿರುಗಿಸಿದಳು. ಮೂರನೆಯ ಸುತ್ತಿಗೆ ಎಡಗಡೆಯ ಕೋಲು ಬಾಗಿ ನೀರು ಮುಟ್ಟಿತು. ಇಪ್ಪತ್ತು ನಿಮಿಷ ಕೆರ್ತು ಗಾಳಿಗೆ ಎದುರಾಗಿ ದೋಣಿ ಹಿಡಿದು ನಿಲ್ಲಿಸಿದಳು. ಕೈಬಲೆ ಹಾಕಿ ಎತ್ತಿದವಳೂ ಅವಳೇ. ಕಪ್ಪು ಚುಕ್ಕೆಗಳ, ಹಿತ್ತಾಳೆ ಬಣ್ಣದ ಹೊಟ್ಟೆಯ ದೊಡ್ಡ ಟ್ರೌಟ್. ಬೆನ್ನಿನ ಕೊನೆಯಲ್ಲಿ ರೆಕ್ಕೆ ಇತ್ತು.

"ರೆಕ್ಕೆ ಇದೆ. ಬಿಡು," ಎಂದಳು.

ರೈಮೊ ಸುತ್ತಲೂ ನೋಡಿದ. ಹತ್ತಿರದಲ್ಲಿ ಇನ್ನೊಂದು ದೋಣಿ ಇರಲಿಲ್ಲ. ಅವನು ಮರದ ಕೊಡತಿ ತೆಗೆದುಕೊಂಡು ಮೀನಿನ ತಲೆಗೆ ಎರಡು ಸಲ ಹೊಡೆದ. ಆಮೇಲೆ ಚಾಕು ತೆಗೆದು ರೆಕ್ಕೆಯನ್ನು ಸವರಿ ದೋಣಿಯ ತಳಕ್ಕೆ ಎಸೆದ.

"ಏನು ಮಾಡ್ದೆ ನೀನು?"

"ಐದು ಕಿಲೊ ಮೇಲಿದೆ ಕಣೇ. ಯಾರಿಗೂ ಗೊತ್ತಾಗಲ್ಲ."

"ನಾನು ನೋಡ್ದೆನಲ್ಲೋ."

"ನೀನು ಬೇರೆ ಯಾರೋ ಏನು? ನೀನು ನನ್ನ ದೋಣಿ ಹುಡುಗಿ," ಎಂದು ಅವನು ನಕ್ಕ. ಅವಳಿಗೆ ಆಗ ಅರವತ್ತೊಂದು ವರ್ಷ.

ಕೆರ್ತು ಬಗ್ಗಿ, ದೋಣಿಯ ತಳದಲ್ಲಿ ನಿಂತ ನೀರಿನಿಂದ ಆ ಬೆರಳುಗುರಿನಷ್ಟು ಚೂರನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡಳು. ರೈಮೊ ಮೀನಿಗೆ ಒದ್ದೆ ಗೋಣಿ ಹೊದಿಸುತ್ತಿದ್ದ, ನೋಡಲಿಲ್ಲ. ಆಮೇಲೆ ಅವಳು ದಡದವರೆಗೂ ಹುಟ್ಟು ಹಾಕಿದಳು. ಅವಳು ತನ್ನನ್ನು ಇಂದಿಗೂ ಕ್ಷಮಿಸದಿರುವುದು ಅದೊಂದಕ್ಕೆ. ಹುಟ್ಟನ್ನು ಒಳಗೆಳೆದುಕೊಂಡು ಕೂತಿದ್ದರೆ ಅವನು ಏನು ಮಾಡುತ್ತಿದ್ದ? ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿಯೇ ಎಳೆಯುತ್ತಿತ್ತು.

ದಡದಲ್ಲಿ ತಕ್ಕಡಿಯ ಮುಂದೆ ನಿಂತಿದ್ದವನು ಮೀನುಗಾರರ ಸಂಘದ ಅಧ್ಯಕ್ಷ ಕಲೆರ್ವೊ. ಅವನು ಮೀನನ್ನು ತಿರುಗಿಸಿ ನೋಡಿದ. ಹಳೆಯ ಗಾಯ ಮಾಗಿ ನುಣ್ಣಗಿರುತ್ತದೆ. ಇದು ಹಸಿಯಾಗಿತ್ತು, ಕೆಂಪಗಿತ್ತು. ಕಲೆರ್ವೊನ ಹೆಬ್ಬೆರಳು ಸರಿಯಾಗಿ ಅದರ ಮೇಲೆ ಒಂದು ಕ್ಷಣ ನಿಂತದ್ದನ್ನು ಕೆರ್ತು ಕಂಡಳು. ಅವನು ಮೀನನ್ನು ಮಗುಚಿ ಹಾಕಿ, "ಐದು ಕಿಲೊ ಇನ್ನೂರು. ಭಲೇ ರೈಮೊ," ಎಂದ.

ಬಹುಮಾನ ಕೊಟ್ಟದ್ದು ಸಂಘದ ಕೊಠಡಿಯಲ್ಲಿ. ಎಲ್ಲರೂ ಮೀನಿನ ಸೂಪು, ರೈ ಬ್ರೆಡ್ಡು ತಿನ್ನುತ್ತಾ ಕೂತಿದ್ದರು. ರೈಮೊ ಎದ್ದು ನಿಂತು, ಎಲ್ಲಿ ಮೀನಿದೆ ಎಂದು ತನಗೆ ಹೇಗೆ ಹೊಳೆಯಿತೆಂದು ವಿವರಿಸಿದ. ಕೊನೆಗೆ, "ನಮ್ಮ ಕೆರ್ತುಗೂ ಒಂದು ಚಪ್ಪಾಳೆ ತಟ್ಟಿಬಿಡಿ, ಪಾಪ, ಚೆನ್ನಾಗಿ ಬೆವರು ಸುರಿಸಿದ್ದಾಳೆ," ಎಂದ. ಜನ ನಗುತ್ತಾ ತಟ್ಟಿದರು.

ಕೆರ್ತು ಎದ್ದು ಕಲೆರ್ವೊನ ಮೇಜಿಗೆ ಹೋದಳು. ಜೇಬಿನಿಂದ ಆ ಚೂರು ತೆಗೆದು ಅವನ ಸೂಪಿನ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದು ಆ ಮೀನಿಂದು," ಎಂದಳು. "ದ್ವೀಪದ ಹಿಂದೆ ರೈಮೊ ಕೊಯ್ದ. ನಾನು ಎದುರಿಗೇ ಕೂತಿದ್ದೆ."

ಕಲೆರ್ವೊ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಕೆರ್ತು, ಕುಡಿದಿದ್ದೀಯಾ?" ಎಂದ ಕಲೆರ್ವೊ.

"ಇಲ್ಲ. ನೀನು ಕುಡಿದಿದ್ಯಾ, ತೂಕ ಹಾಕೋವಾಗ? ಹೆಬ್ಬೆರಳು ಗಾಯದ ಮೇಲೇ ಇತ್ತಲ್ಲ."

"ಮನೆ ವಿಷಯ ಮನೇಲಿ ಮಾತಾಡ್ಕೊಳಿ," ಎಂದು ಯಾರೋ ಹಿಂದಿನಿಂದ ಹೇಳಿದರು.

ಕೆರ್ತು ಅತ್ತ ತಿರುಗಿದಳು. "ಐದು ವರ್ಷ ಜಲ್ಲಿ ಹೊತ್ತಿದ್ದು ನಮ್ಮ ಮನೆಗಾ? ಮೊಟ್ಟೆ ಇಡೋಕೆ ತೊರೆಗೆ ಹೋಗ್ಬೇಕಾಗಿದ್ದ ಹೆಣ್ಣು ಮೀನು ಅದು. ಹೊಟ್ಟೆ ಕೊಯ್ದು ನೋಡಿ. ಈಗಲೇ ನೋಡಿ, ಎಲ್ಲರ ಮುಂದೆ."

ಯಾರೂ ಏಳಲಿಲ್ಲ. ರೈಮೊನ ಹೆಂಡತಿ ಸಿರ್ಕ ಒಬ್ಬಳೇ ಎದ್ದು ಬಂದು ಕೆರ್ತುವಿನ ಕಿವಿಯ ಹತ್ತಿರ, "ಒಡಹುಟ್ಟಿದವನನ್ನ ಹೀಗೆ ಬೀದಿಗೆ ತಂದೆಯಲ್ಲ, ನಿನಗೆ ನಾಚಿಕೆ ಇಲ್ವಾ?" ಎಂದಳು. ಕೊನೆಗೆ ಮಂಜುಪೆಟ್ಟಿಗೆಯಿಂದ ಮೀನು ತಂದು ಕೊಯ್ದದ್ದು ಕೆರ್ತುವೇ. ಹೊಟ್ಟೆ ತುಂಬ ಕಿತ್ತಳೆ ಬಣ್ಣದ ಮೊಟ್ಟೆಗಳಿದ್ದವು. ರೈಮೊ ಕೋಟು ಹಾಕಿಕೊಂಡು ಹೊರಗೆ ಹೋಗಿಬಿಟ್ಟ.

ಆಮೇಲೆ ಆದದ್ದು ಇಷ್ಟು. ರೈಮೊನಿಗೆ ಪೊಲೀಸರಿಂದ ಕಾಗದ ಬಂತು. ಸಂಘ ಸಭೆ ಸೇರಿ ಆ ದೋಣಿಯನ್ನು ಎರಡು ವರ್ಷ ಸ್ಪರ್ಧೆಯಿಂದ ಹೊರಗಿಟ್ಟಿತು. ದೋಣಿಯಲ್ಲಿದ್ದ ಇಬ್ಬರೂ ಹೊಣೆ ಎಂದು ನಿಯಮವಿದ್ದುದರಿಂದ ಕೊಠಡಿಯ ಗೋಡೆಗೆ ಅಂಟಿಸಿದ ಆದೇಶದಲ್ಲಿ ಕೆರ್ತುವಿನ ಹೆಸರೂ ಸೇರಿತು. ಇಪ್ಪತ್ತೆರಡು ವರ್ಷದಲ್ಲಿ ಸಂಘದ ಗೋಡೆಯ ಮೇಲೆ ಅವಳ ಹೆಸರು ಬಂದದ್ದು ಅದೇ ಮೊದಲು. ಕಲೆರ್ವೊ ಅಧ್ಯಕ್ಷನಾಗಿಯೇ ಉಳಿದ. ಅವನ ಹೆಬ್ಬೆರಳಿನ ವಿಷಯ ಸಭೆಯಲ್ಲಿ ಬೇರೆ ಯಾರೂ ಎತ್ತಲಿಲ್ಲ. ಕೆರ್ತು ಎತ್ತಿದಳು. ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದವನು ಪೆನ್ನು ಕೆಳಗಿಟ್ಟ.

"ನನಗೆ ಕೊಟ್ಟ ಶಿಕ್ಷೆ ಸರಿ ಇದೆ," ಎಂದಳು ಅವಳು ಅಂದು. "ದಡದವರೆಗೆ ನಾನೇ ಹುಟ್ಟು ಹಾಕ್ದೆ. ಅದನ್ನ ಬರ್ಕೊಳಿ. ಆದರೆ ಕಲೆರ್ವೊನದ್ದನ್ನೂ ಬರ್ಕೊಳಿ." ಅವರು ಅವಳದ್ದನ್ನು ಮಾತ್ರ ಬರೆದುಕೊಂಡರು.

ಮರುವರ್ಷ ಮೇ ತಿಂಗಳಲ್ಲಿ ಮಂಜುಗಡ್ಡೆ ಕರಗಿದ ಮೇಲೆ ರೈಮೊ ದೋಣಿಮನೆಯ ಹತ್ತಿರ ಬಂದ. ಕೆರ್ತು ದೋಣಿಗೆ ಟಾರು ಬಳಿಯುತ್ತಿದ್ದಳು. ಊರಿನವರು ರೈಮೊನದ್ದು ಎನ್ನುತ್ತಿದ್ದರೂ ಅದು ಅಪ್ಪ ಬಿಟ್ಟುಹೋದ ದೋಣಿ, ಇಬ್ಬರದ್ದೂ.

"ಎಂಟು ತಿಂಗಳಾಯ್ತು," ಎಂದ ಅವನು. "ಒಂದು ಮಾತು ಅಂದುಬಿಡು. ತಪ್ಪಾಯ್ತು, ಎಲ್ಲರ ಎದುರಿಗೆ ಹೇಳಬಾರದಾಗಿತ್ತು ಅಂತ. ಸಿರ್ಕನೂ ಸುಮ್ಮನಾಗ್ತಾಳೆ."

"ನೀನು ನನ್ನ ಹತ್ರ ಏನಾದ್ರೂ ಹೇಳೋದಿದೆಯಾ?"

"ನಾನೇನು ಹೇಳ್ಬೇಕು? ಒಂದು ಮೀನು ಕಣೇ ಅದು."

ಕೆರ್ತು ಬ್ರಷ್ಷನ್ನು ಡಬ್ಬಿಯ ಮೇಲಿಟ್ಟಳು. "ಹಾಗಾದ್ರೆ ಹೋಗು," ಎಂದಳು. "ದೋಣಿ ಬೇಕಾದಾಗ ತಗೊಂಡು ಹೋಗು, ನಿನ್ನದೂ ಹೌದು. ಹುಟ್ಟು ಹಾಕೋರನ್ನ ಮಾತ್ರ ಬೇರೆ ನೋಡ್ಕೋ."

ಅವನು ಇಂಜಿನ್ ದೋಣಿ ಕೊಂಡ. ಕೆರ್ತುವಿನ ಜೊತೆ ಈಗ ಶಾಲೆಯ ಅಡುಗೆಮನೆಯ ಸೊಯಿಲಾ ಬರುತ್ತಾಳೆ. ಇಬ್ಬರೂ ಗಂಟೆಗೊಮ್ಮೆ ಜಾಗ ಬದಲಾಯಿಸುತ್ತಾರೆ, ಒಬ್ಬಳು ಹುಟ್ಟಿಗೆ, ಒಬ್ಬಳು ಕೋಲಿಗೆ. ಸಿಟ್ಟು ಇಳಿಯಿತಾ ಎಂದು ಸೊಯಿಲಾ ಒಮ್ಮೆ ಕೇಳಿದಳು. ಇಲ್ಲ ಎಂದಳು ಕೆರ್ತು, ಮತ್ತು ದೋಣಿಯನ್ನು ದ್ವೀಪದ ಹಿಂದಿನ ಇಳಿಜಾರಿಗೆ ತಿರುಗಿಸಿದಳು.